ಗಾರ್ಮೆಂಟ್ಸ್ ಗೇಟಿನಲ್ಲಿ ಒಂದು ಸಂಜೆ: ಸೆಕ್ಯೂರಿಟಿಗೆ ತಡಕುವ ಹಕ್ಕು ಎಷ್ಟಿದೆ?

ಸೆಕ್ಯೂರಿಟಿ ಗಾರ್ಡ್‌ಗಳ ತರಬೇತಿಯಲ್ಲಿ ನಾನು ಕಾನೂನಿನ ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ ಅತಿ ಹೆಚ್ಚು ಜಗಳ ಎಬ್ಬಿಸುವ ಪ್ರಕರಣ ಇದು. ಯಾವುದೋ ಒಂದು ಫ್ಯಾಕ್ಟರಿಯ ಕಥೆ ಅಲ್ಲ. ಬೇರೆ ಬೇರೆ ಗೇಟುಗಳಲ್ಲಿ ನಡೆಯುವುದನ್ನೆಲ್ಲ ಸೇರಿಸಿ ಪಾಠಕ್ಕೆಂದು ಕಟ್ಟಿಕೊಂಡಿದ್ದು. ಹಾಗಾಗಿ ಇದು ಯಾವ ಕಂಪನಿ ಅಂತ ಹುಡುಕುವುದು ಬೇಡ. ಕಾನೂನು ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ನಡೆದದ್ದು

2025ರ ಫೆಬ್ರವರಿ ಅಂತ ಇಟ್ಟುಕೊಳ್ಳಿ. ಬೆಂಗಳೂರು–ಮೈಸೂರು ಹೆದ್ದಾರಿ ಪಕ್ಕ, ಮಂಡ್ಯ ಜಿಲ್ಲೆಯ ಒಂದು ಗಾರ್ಮೆಂಟ್ಸ್. ಆರುನೂರು ಜನ ಕೆಲಸಗಾರರು, ಅದರಲ್ಲಿ ಹೆಂಗಸರೇ ಜಾಸ್ತಿ. ಸುತ್ತಲ ಹಳ್ಳಿಗಳಿಂದ ವ್ಯಾನಿನಲ್ಲಿ ಬಂದು ಹೋಗುವವರು. ಶಿಫ್ಟ್ ಬಿಡುವುದು ಸಂಜೆ ಐದೂವರೆಗೆ.

ದಿನಾ ಗೇಟಿನಲ್ಲಿ ಚೆಕಿಂಗ್ ಇರುತ್ತದೆ. ಬ್ಯಾಗ್ ತೆರೆದು ತೋರಿಸಬೇಕು, ಟಿಫನ್ ಬಾಕ್ಸಿನ ಮುಚ್ಚಳ ತೆಗೆಯಬೇಕು. ಹೆಂಗಸರ ಸಾಲಿನಲ್ಲಿ ಲೇಡಿ ಗಾರ್ಡ್ ಸೊಂಟ, ತೋಳು ಮುಟ್ಟಿ ಬಿಡುತ್ತಾಳೆ. ಮೂರು ಸೆಕೆಂಡಿನ ಕೆಲಸ. ಯಾರೂ ಮಾತಾಡುವುದಿಲ್ಲ, ಯಾಕೆಂದರೆ ವ್ಯಾನ್ ಕಾಯುತ್ತಿರುತ್ತದೆ.

ಆವತ್ತು ನಾಲ್ಕು ಗಂಟೆ ಲೆಕ್ಕದಲ್ಲಿ ಫಿನಿಶಿಂಗ್ ಸೆಕ್ಷನ್ನಿನಲ್ಲಿ ಮೂರು ಪೀಸ್ ಕಮ್ಮಿ ಬಂತು. ಲೇಡೀಸ್ ಟಾಪ್, ಒಂದಕ್ಕೆ ಒಂಬೈನೂರು ರೂಪಾಯಿ. ಫ್ಲೋರ್ ಇನ್‌ಚಾರ್ಜ್ ಸೆಕ್ಯೂರಿಟಿ ಆಫೀಸರ್‌ಗೆ ಫೋನ್ ಮಾಡಿದರು. ಆಫೀಸರ್ ಮಾಜಿ ಸೈನಿಕ, ಏಜೆನ್ಸಿ ಕಡೆಯವರು. ಫಿನಿಶಿಂಗಿನ ಇಪ್ಪತ್ತೆರಡು ಹೆಂಗಸರನ್ನೂ ಬೇರೆ ನಿಲ್ಲಿಸಿ, ಒಬ್ಬೊಬ್ಬರನ್ನೇ ಕ್ಯಾಬಿನ್ನಿಗೆ ಕರೆದು ಪೂರ್ತಿ ಚೆಕ್ ಮಾಡಿ ಅಂದರು.

ಹತ್ತು ಹನ್ನೊಂದು ಜನ ಸುಮ್ನೆ ಹೋಗಿ ಬಂದರು. ಆಮೇಲೆ ಹೊಲಿದ ಬಟ್ಟೆ ಚೆಕಿಂಗ್ ಮಾಡುವ ಕೆಲಸದ ಒಬ್ಬ ಹೆಂಗಸಿನ ಸರದಿ. ಮೂವತ್ತೈದು ವಯಸ್ಸು, ಆ ಕಂಪನಿಯಲ್ಲಿ ಎಂಟು ವರ್ಷದ ಕೆಲಸ.

"ಬ್ಯಾಗ್ ನೋಡ್ಕಳಿ ಸಾರ್, ಬಾಕ್ಸ್ ನೋಡ್ಕಳಿ. ಬಟ್ಟೆ ಎಲ್ಲಾ ಬಿಚ್ಚಿ ತೋರ್ಸಕ್ಕೆ ಆಗಲ್ಲ" ಅಂದಳು. ಅವಳಿಗೆ ಆವತ್ತು ಮುಟ್ಟು. ಗಂಡಸರ ಮುಂದೆ ಅದನ್ನು ಹೇಳಲಿಲ್ಲ.

"ಎಲ್ರೂ ತೋರ್ಸಿದ್ರು, ನಿಂದೇನಮ್ಮ ಸ್ಪೆಷಲ್ಲು? ಒಳಗೇನಿದೆ ಅಂತ ನಮಗೂ ಗೊತ್ತಾಗ್ಲಿ" ಅಂತ ಆಫೀಸರ್ ನಕ್ಕರು. ಪಕ್ಕದಲ್ಲಿದ್ದ ಇಬ್ಬರು ಗಾರ್ಡ್‌ಗಳೂ ನಕ್ಕರು.

ಲೇಡಿ ಗಾರ್ಡ್ ಅಲ್ಲಿಯದೇ ಹುಡುಗಿ. "ಬಾರಕ್ಕ, ಎರಡು ನಿಮಿಷ. ನನ್ ಕೆಲಸಕ್ಕೂ ಕಲ್ಲು ಹಾಕ್ಬೇಡ" ಅಂತ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಚಿಲಕ ಬಿತ್ತು. ಫೋನ್ ತೆಗೆದು ಮೇಜಿನ ಮೇಲಿಟ್ಟರು. ಬೇಡ ಬೇಡ ಅಂದರೂ ಸೀರೆ ಪಿನ್ ತೆಗೆಸಿ, ಬ್ಲೌಸಿನ ಹುಕ್ ಬಿಚ್ಚಿಸಿ ನೋಡಿದ್ದಾಯಿತು. ಏನೂ ಸಿಗಲಿಲ್ಲ. ಆದರೂ ಬಿಡಲಿಲ್ಲ. ಬೇಡ ಅಂದಳು ಅಂದಮೇಲೆ ಏನೋ ಇದೆ ಅನ್ನುವುದು ಆಫೀಸರ್ ಲೆಕ್ಕ. ಒಂದು ಬಿಳಿ ಹಾಳೆ ಕೊಟ್ಟು, "ನಾನೇ ತಗೊಂಡೆ, ತಪ್ಪಾಯ್ತು ಅಂತ ಬರ್ದುಕೊಡು, ಮನೆಗೆ ಹೋಗು" ಅಂದರು. ಏಳೂ ಕಾಲರ ಹೊತ್ತಿಗೆ ಅವಳು ಬರೆದುಕೊಟ್ಟಳು. ಅಷ್ಟರಲ್ಲಿ ವ್ಯಾನ್ ಹೋಗಿತ್ತು.

ಮಾರನೇ ದಿನ ಗೇಟಿನಲ್ಲೇ ತಡೆದು, ಕೆಲಸದಿಂದ ತೆಗೆದಿದ್ದೇವೆ ಅಂದರು. ಉಳಿದ ಇಪ್ಪತ್ತೊಂದು ಜನರ ಸಂಬಳದಲ್ಲಿ ಪೀಸಿನ ದುಡ್ಡು ಹಂಚಿ ಹಿಡಿಯುವ ಮಾತೂ ಬಂತು. ಆ ಮೂರು ಟಾಪ್ ಕೊನೆಗೂ ಸಿಗಲಿಲ್ಲ.

ಕೊನೆಯ ವಾಕ್ಯವನ್ನು ನಾನು ಬೇಕಂತಲೇ ಹಾಗೆ ಇಟ್ಟಿದ್ದೇನೆ. ಪೀಸ್ ಬೇರೆ ಬಂಡಲ್‌ನಲ್ಲಿ ಸಿಕ್ಕವು ಅಂತ ಹೇಳಿಬಿಟ್ಟರೆ, ಪಾಪ ಅವಳು ಕದ್ದಿರಲಿಲ್ಲ ಅಂತ ಇಡೀ ಕ್ಲಾಸ್ ಅವಳ ಪರ ಆಗುತ್ತದೆ. ಕದ್ದಿದ್ದಳೋ ಇಲ್ಲವೋ ಗೊತ್ತಿಲ್ಲದೆಯೇ ಉತ್ತರ ಹುಡುಕಬೇಕು. ಗೇಟಿನಲ್ಲಿ ನಿಂತ ಗಾರ್ಡ್‌ಗೂ ಗೊತ್ತಿರುವುದು ಅಷ್ಟೇ ಅಲ್ವಾ?

ಯೂನಿಫಾರ್ಮ್ ಕೊಡುವ ಅಧಿಕಾರ ಯಾವುದು?

ಚೆಕ್ ಮಾಡುವ ಹಕ್ಕು ಎಲ್ಲಿಂದ ಬಂತು ಅಂತ ಕೇಳಿದರೆ, "ಯೂನಿಫಾರ್ಮ್ ಇದೆಯಲ್ಲ ಮೇಡಂ" ಅನ್ನುವ ಉತ್ತರ ಮೊದಲು ಬರುತ್ತದೆ.

ಖಾಸಗಿ ಸೆಕ್ಯೂರಿಟಿಗೆ ಇರುವ ಮುಖ್ಯ ಕಾನೂನು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ. ಏಜೆನ್ಸಿಗೆ ಲೈಸೆನ್ಸ್ ಇರಬೇಕು. ಗಾರ್ಡ್‌ಗೆ 18ರಿಂದ 65 ವರ್ಷದೊಳಗಿನ ವಯಸ್ಸು, ಹಿನ್ನೆಲೆ ಪರಿಶೀಲನೆ, ತರಬೇತಿ, ಫೋಟೊ ಇರುವ ಗುರುತಿನ ಚೀಟಿ ಬೇಕು. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ತರಬೇತಿ ಅಂದರೆ 100 ಗಂಟೆ ಕ್ಲಾಸು, 60 ಗಂಟೆ ಫೀಲ್ಡು. ಮಾಜಿ ಸೈನಿಕರಿಗೆ ಇದು ಕಮ್ಮಿ, 40 ಮತ್ತು 16 ಗಂಟೆ. ಕವಾಯತು, ಶಿಸ್ತು ಇವರಿಗೆ ಹೊಸದಾಗಿ ಕಲಿಸಬೇಕಿಲ್ಲ, ಒಪ್ಪುತ್ತೇನೆ. ಆದರೆ ಊರಿನ ಜನರ ಜೊತೆ ವ್ಯವಹರಿಸುವ ಕಾನೂನನ್ನು ಇವರಿಗೇ ಜಾಸ್ತಿ ಹೇಳಿಕೊಡಬೇಕು ಅಂತ ನನಗೆ ಅನ್ನಿಸುತ್ತದೆ.

ಆ ಇಡೀ ಕಾಯ್ದೆಯಲ್ಲಿ ಗಾರ್ಡ್ ಒಬ್ಬರ ಮೈ ತಡಕಬಹುದು ಅನ್ನುವ ಒಂದು ಸಾಲೂ ಇಲ್ಲ. ಪೊಲೀಸರದ್ದೋ ಸೈನ್ಯದ್ದೋ ಅನ್ನಿಸುವ ಯೂನಿಫಾರ್ಮ್ ಹಾಕಿಕೊಂಡರೆ ಒಂದು ವರ್ಷದವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ, ಅನ್ನುವುದು ಮಾತ್ರ ಇದೆ. ಗಾರ್ಡ್ ಸರ್ಕಾರಿ ನೌಕರ ಅಲ್ಲ. ಹಾಗಾಗಿ ಅವನ ಕೈ ತಳ್ಳಿದರೆ ಅದು 'ಸರ್ಕಾರಿ ಕೆಲಸಕ್ಕೆ ಅಡ್ಡಿ' ಆಗುವುದಿಲ್ಲ.

ಹಾಗಾದರೆ ದಿನಾ ನಡೆಯುವ ಬ್ಯಾಗ್ ಚೆಕಿಂಗ್? ಅದಕ್ಕೆ ಬೇರೆ ಬೇರು ಇದೆ. 1946ರ ಸ್ಥಾಯಿ ಆದೇಶಗಳ (ಅಂದರೆ ಕಂಪನಿಯ ಕೆಲಸದ ನಿಯಮಗಳ) ಕಾಯ್ದೆ ಆಗ ಜಾರಿಯಲ್ಲಿತ್ತು. ಯಾವ್ಯಾವ ವಿಷಯಕ್ಕೆ ಕಂಪನಿ ನಿಯಮ ಮಾಡಬೇಕು ಅಂತ ಅದರ ಪಟ್ಟಿ ಹೇಳುತ್ತಿತ್ತು. ಗೊತ್ತುಪಡಿಸಿದ ಗೇಟಿನಲ್ಲೇ ಬರಬೇಕು, ತಪಾಸಣೆಗೆ ಒಳಪಡಬೇಕು ಅನ್ನುವುದು ಅದರಲ್ಲಿ ಆರನೇದು. ಈಗ ಅದರ ಜಾಗಕ್ಕೆ ಬಂದಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ವಿಷಯ ಇದೆ. ಅದು ಅನ್ವಯಿಸುವುದು 300 ಜನ ಕೆಲಸಗಾರರಿಗಿಂತ ಕಮ್ಮಿ ಇಲ್ಲದ ಕಡೆ. ನಮ್ಮ ಪ್ರಕರಣದ ಫ್ಯಾಕ್ಟರಿ ಎರಡರ ಕೆಳಗೂ ಬರುತ್ತದೆ.

1946ರ ಕಾಯ್ದೆಯ ಒಂದು ಮಾತು ನನಗೆ ಬಹಳ ಇಷ್ಟ. ಮಂಜೂರಾದ ಆದೇಶಗಳನ್ನು ಇಂಗ್ಲಿಷಿನಲ್ಲೂ, ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ, ಕೆಲಸಗಾರರು ಒಳಗೆ ಬರುವ ಬಾಗಿಲಿನ ಹತ್ತಿರವೇ ಬೋರ್ಡ್ ಹಾಕಬೇಕು ಅನ್ನುತ್ತಿತ್ತು. ಮಂಡ್ಯದಲ್ಲಿ ಅಂದರೆ ಕನ್ನಡದಲ್ಲಿ, ಗೇಟ್ ಪಕ್ಕದಲ್ಲಿ. ನಿಮ್ಮ ಗೇಟಿನಲ್ಲಿ ಆ ಬೋರ್ಡ್ ಓದಿದ್ದೀರಾ ಅಂತ ಗಾರ್ಡ್‌ಗಳನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಸರಿ, ನಿಯಮ ಇದೆ. ಆದರೆ ಅದು ಕಂಪನಿಗೂ ಕೆಲಸಗಾರಳಿಗೂ ನಡುವಿನ ಕರಾರು. ತೋರಿಸಲ್ಲ ಅಂದರೆ ಅದು ದುರ್ನಡತೆ ಅಂತ ನೋಟಿಸ್ ಕೊಡಬಹುದು, ವಿಚಾರಣೆ ಮಾಡಬಹುದು, ತಪ್ಪು ಸಾಬೀತಾದರೆ ಶಿಕ್ಷೆ ಕೊಡಬಹುದು. ಬಲವಂತವಾಗಿ ಮೈಮೇಲೆ ಕೈ ಹಾಕುವುದಕ್ಕೆ ಆ ನಿಯಮ ಲೈಸೆನ್ಸ್ ಕೊಡುವುದಿಲ್ಲ. ಗೇಟಿನ ಚೆಕಿಂಗ್ ನಿಂತಿರುವುದು ಒಪ್ಪಿಗೆಯ ಮೇಲೆ. ಒಪ್ಪಿಗೆ ಹೋಯಿತು ಅಂದಮೇಲೆ ಗಾರ್ಡ್ ಕೈ ಹಿಂದೆ ತೆಗೆಯಬೇಕು, ಪೆನ್ ಕೈಗೆತ್ತಿಕೊಳ್ಳಬೇಕು.

ಹಿಡಿಯುವುದು ಬೇರೆ, ತಡಕುವುದು ಬೇರೆ

ಇಲ್ಲಿ ಯಾರಾದರೂ ಒಬ್ಬರು ಎದ್ದು, "ಕಳ್ಳನ್ನ ಯಾರು ಬೇಕಾದ್ರೂ ಹಿಡೀಬಹುದು ಅಂತಾರಲ್ಲ ಮೇಡಂ?" ಅಂತ ಕೇಳೇ ಕೇಳುತ್ತಾರೆ. ಒಳ್ಳೆ ಪ್ರಶ್ನೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಸಾಮಾನ್ಯ ಮನುಷ್ಯನಿಗೂ ಹಿಡಿಯುವ ಹಕ್ಕು ಕೊಡುತ್ತದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 43ನೇ ಕಲಂ. ಘೋಷಿತ ಅಪರಾಧಿಯ (ತಲೆಮರೆಸಿಕೊಂಡಿದ್ದಾನೆ ಅಂತ ಕೋರ್ಟ್ ಘೋಷಿಸಿದವನ) ಮಾತು ಬಿಟ್ಟರೆ, ಷರತ್ತುಗಳು ಬಿಗಿಯಾಗಿವೆ. ಅಪರಾಧ ಜಾಮೀನು ಇಲ್ಲದ್ದಾಗಿರಬೇಕು. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದದ್ದಾಗಿರಬೇಕು. ಅದು ಹಿಡಿಯುವವನ ಕಣ್ಣೆದುರೇ ನಡೆದಿರಬೇಕು. ಹಿಡಿದ ಮೇಲೆ ಸುಮ್ಮನೆ ತಡ ಮಾಡದೆ, ಏನೇ ಆದರೂ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಈ ಆರು ಗಂಟೆ ಹೊಸದಾಗಿ ಸೇರಿದ್ದು.

ಆರು ಗಂಟೆ ಅಂತ ಕೇಳಿದ ತಕ್ಷಣ ಕೆಲವರ ಮುಖ ಅರಳುತ್ತದೆ. ಆರು ಗಂಟೆ ಕೂರಿಸಿಕೊಳ್ಳಬಹುದು ಅಂತ ಅರ್ಥ ಮಾಡಿಕೊಳ್ಳುತ್ತಾರೆ. ತಪ್ಪು. ಅದು ಸ್ಟೇಷನ್ನಿಗೆ ತಲುಪಿಸಲು ಇರುವ ಕೊನೆಯ ಗಡುವು. ವಿಚಾರಿಸಲು ಕೊಟ್ಟ ಸಮಯ ಅಲ್ಲ.

ನಮ್ಮ ಪ್ರಕರಣದಲ್ಲಿ ಆಫೀಸರ್ ಕಣ್ಣೆದುರು ಏನು ನಡೆದಿತ್ತು? ಏನೂ ಇಲ್ಲ. ಲೆಕ್ಕದಲ್ಲಿ ಮೂರು ಪೀಸ್ ಕಮ್ಮಿ ಇತ್ತು, ಇಪ್ಪತ್ತೆರಡು ಜನರ ಮೇಲೆ ಗುಮಾನಿ ಇತ್ತು. ಗುಮಾನಿಯ ಮೇಲೆ ಹಿಡಿಯುವುದು ಪೊಲೀಸರ ಕೆಲಸ. ಬ್ಯಾಗ್ ತೆರೆದಾಗ ಟಾಪ್ ಹೊರಗೆ ಬಿದ್ದಿದ್ದರೆ ಮಾತು ಬೇರೆ. ಆಗ 40ನೇ ಕಲಮಿನ ಹತ್ತಿರ ಹೋಗಲು ಒಂದು ಆಧಾರ ಸಿಗುತ್ತಿತ್ತು.

ಆಗಲೂ ಒಂದು ತೊಡಕಿದೆ. ಹೊಸ ಕಾನೂನಿನಲ್ಲಿ ಐದು ಸಾವಿರ ರೂಪಾಯಿಗಿಂತ ಕಮ್ಮಿ ಬೆಲೆಯ ಸಾದಾ ಕಳ್ಳತನಕ್ಕೆ ಜಾಮೀನು ಇದೆ, ಪೊಲೀಸರೂ ಕೋರ್ಟಿನ ಅನುಮತಿ ಇಲ್ಲದೆ ತನಿಖೆಗೆ ಇಳಿಯುವಂತಿಲ್ಲ. ಜೊತೆ ಕೆಲಸದವಳ ಪರ್ಸಿನಿಂದ ಸಾವಿರ ರೂಪಾಯಿ ಹೋಯಿತು ಅಂದರೆ ಮೊದಲು ನೋಡುವುದು ಈ ಸಾಲನ್ನು. ನೌಕರಳೇ ಮಾಲೀಕನ ಸ್ವತ್ತು ಕದ್ದರೆ ಅದು ಹಳೇ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಂ; ಏಳು ವರ್ಷದವರೆಗೆ ಶಿಕ್ಷೆ, ಬೆಲೆ ಎಷ್ಟಾದರೂ ಜಾಮೀನು ಇಲ್ಲದ್ದು. ಯಾವುದಕ್ಕೆ ಯಾವ ಕಲಂ ಅಂತ ವಕೀಲರೇ ವಾದ ಮಾಡುತ್ತಾರೆ. ಸಂಜೆ ಐದೂವರೆಯ ನೂಕುನುಗ್ಗಲಿನಲ್ಲಿ ಗಾರ್ಡ್ ಅದನ್ನು ತೀರ್ಮಾನ ಮಾಡಬೇಕು ಅನ್ನುವುದು ಅನ್ಯಾಯ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ ಅಂತ ನಾನು ಹೇಳುವುದು ಅದಕ್ಕೇ.

ಇನ್ನು ಮೈ ತಡಕುವುದು. ಹಿಡಿದವರನ್ನು ತಪಾಸಣೆ ಮಾಡುವ ಮಾತು ಸುರಕ್ಷಾ ಸಂಹಿತೆಯ 49ನೇ ಕಲಮಿನಲ್ಲಿದೆ. ಅದನ್ನು ನಾನು ನಿಧಾನವಾಗಿ ಎರಡು ಸಲ ಓದಿಸುತ್ತೇನೆ. ಖಾಸಗಿ ವ್ಯಕ್ತಿ ಹಿಡಿದಿದ್ದರೆ, ತಪಾಸಣೆ ಮಾಡುವವರು ಯಾರು? ಅವನು ಯಾವ ಪೊಲೀಸ್ ಅಧಿಕಾರಿಗೆ ಒಪ್ಪಿಸುತ್ತಾನೋ, ಆ ಅಧಿಕಾರಿ. ಅಂದರೆ ಸರಿಯಾಗೇ ಹಿಡಿದ ಗಾರ್ಡ್‌ಗೂ ಕಾನೂನು ಮೈ ತಡಕುವ ಕೆಲಸ ಕೊಟ್ಟಿಲ್ಲ. ಹಿಡಿದವನ ಕೈಯಲ್ಲಿ ಚಾಕು ಗೀಕು ಇದ್ದರೆ ಕಿತ್ತುಕೊಳ್ಳಬಹುದು, ಅದು 50ನೇ ಕಲಂ. ಹೆಂಗಸನ್ನು ತಪಾಸಣೆ ಮಾಡುವವರು ಹೆಂಗಸೇ ಆಗಿರಬೇಕು, ಮರ್ಯಾದೆ ಕಾಪಾಡಿ ಮಾಡಬೇಕು ಅನ್ನುವುದು ಪೊಲೀಸರಿಗೂ ಹಾಕಿರುವ ಕಟ್ಟು. ಕತ್ತಲಾದ ಮೇಲೆ ಹೆಂಗಸನ್ನು ಬಂಧಿಸಬೇಕಾದರೆ ಅಂಥಾ ವಿಶೇಷ ಕಾರಣ ಇರಬೇಕು, ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಬೇಕು. ನಮ್ಮ ಆಫೀಸರ್ ಅವಳನ್ನು ಏಳೂ ಕಾಲರವರೆಗೆ ಕೂರಿಸಿಕೊಂಡಿದ್ದರು.

'ಸ್ವತ್ತು ಕಾಪಾಡುವ ಹಕ್ಕು' ಅಂತ ಇನ್ನೊಂದು ವಾದ ಬರುತ್ತದೆ. ಆತ್ಮರಕ್ಷಣೆಯ ಹಕ್ಕಿನಲ್ಲಿ ಸ್ವತ್ತಿನ ರಕ್ಷಣೆಯೂ ಸೇರಿದೆ, ನಿಜ. ಆದರೆ ಪೊಲೀಸರ ಹತ್ತಿರ ಹೋಗುವಷ್ಟು ಸಮಯ ಇದ್ದಾಗ ಆ ಹಕ್ಕು ಬರುವುದಿಲ್ಲ ಅಂತ ಅದೇ ಕಾನೂನು ಹೇಳುತ್ತದೆ. ನಾಲ್ಕು ಗಂಟೆಗೆ ಪೀಸ್ ಕಮ್ಮಿ ಅಂತ ಗೊತ್ತಾಗಿದೆ. ಗೇಟ್ ತೆರೆಯುವುದು ಐದೂವರೆಗೆ.

ಚಿಲಕ, ಹುಕ್ಕು, ಬಿಳಿ ಹಾಳೆ

ಅಪರಾಧದ ಲೆಕ್ಕ ಹಾಕಲು ಕೂತರೆ ಅವಳ ಕಡೆ ಏನೂ ಸಿಗುವುದಿಲ್ಲ, ಕ್ಯಾಬಿನ್ನಿನ ಕಡೆ ಒಂದೊಂದೇ ಸೇರುತ್ತದೆ.

ಕ್ಯಾಬಿನ್ನಿನಲ್ಲಿ ಚಿಲಕ ಹಾಕಿ ಕೂರಿಸಿದ್ದು ಅಕ್ರಮ ಬಂಧನ, ನ್ಯಾಯ ಸಂಹಿತೆಯ 127ನೇ ಕಲಂ. ಬರೀ ಬಂಧನಕ್ಕೆ ಒಂದು ವರ್ಷದವರೆಗೆ ಶಿಕ್ಷೆ. ತಪ್ಪೊಪ್ಪಿಗೆ ಹೊರಡಿಸಲು ಕೂಡಿಹಾಕಿದರೆ ಅದೇ ಕಲಮಿನ ಎಂಟನೇ ಉಪಕಲಮಿನಲ್ಲಿ ಮೂರು ವರ್ಷದವರೆಗೆ. ಬಿಳಿ ಹಾಳೆ ಕೊಟ್ಟ ಕ್ಷಣಕ್ಕೇ ಒಂದು ಮೂರಾಯಿತು.

ಆ ಹಾಳೆಯಿಂದ ಕಂಪನಿಗಾದರೂ ಲಾಭ ಇದೆಯಾ? ಬೆದರಿಸಿ, ಆಸೆ ತೋರಿಸಿ ಬರೆಸಿಕೊಂಡ ತಪ್ಪೊಪ್ಪಿಗೆ ಕ್ರಿಮಿನಲ್ ಕೇಸಿನಲ್ಲಿ ನಿಲ್ಲುವುದು ಕಷ್ಟ. 'ಬರೆದುಕೊಟ್ಟರೆ ಮನೆಗೆ ಹೋಗು' ಅನ್ನುವ ಮಾತೇ ಆಸೆಯೂ ಹೌದು, ಬೆದರಿಕೆಯೂ ಹೌದು.

ಬಟ್ಟೆ ಬಿಚ್ಚಿಸಿದ್ದು ಎಲ್ಲಕ್ಕಿಂತ ದೊಡ್ಡದು. "ಲೇಡಿ ಗಾರ್ಡೇ ತಾನೇ ಮಾಡಿದ್ದು?" ಅಂತ ಗಂಡು ಗಾರ್ಡ್‌ಗಳು ನಿರಾಳವಾಗಿ ಕೇಳುತ್ತಾರೆ. ಹಳೇ ದಂಡ ಸಂಹಿತೆಯ 354ಬಿ ಕಲಂ, ಹೆಂಗಸಿನ ಬಟ್ಟೆ ಬಿಚ್ಚಿಸಲು ಬಲ ಬಳಸುವ 'ಗಂಡಸು' ಅಂತ ಹೇಳುತ್ತಿತ್ತು. ಹೊಸ ಸಂಹಿತೆಯ 76ನೇ ಕಲಂ 'ಯಾರೇ ಆಗಲಿ' ಅನ್ನುತ್ತದೆ. ಮೂರರಿಂದ ಏಳು ವರ್ಷ. ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಅಂದರೆ ಒಳಗಿದ್ದ ಹುಡುಗಿಯೂ ಸಿಕ್ಕಿಹಾಕಿಕೊಳ್ಳುತ್ತಾಳೆ, ಬಾಗಿಲ ಹೊರಗೆ ನಿಂತ ಆಫೀಸರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ಈ ಜಾಗದಲ್ಲಿ ಕ್ಲಾಸಿನ ಲೇಡಿ ಗಾರ್ಡ್‌ಗಳು ಗರಂ ಆಗುತ್ತಾರೆ. "ಸಾರ್ ಹೇಳಿದ್ಮೇಲೆ ಮಾಡ್ದೆ ಇರಕ್ಕಾಗುತ್ತಾ ಮೇಡಂ? ನಾಳೆಯಿಂದ ಬರ್ಬೇಡ ಅಂತಾರೆ." ಅವರ ಕಷ್ಟ ಸುಳ್ಳಲ್ಲ. ಹನ್ನೆರಡು ಗಂಟೆ ನಿಂತು ಮಾಡುವ ಕೆಲಸ, ಕಾಂಟ್ರಾಕ್ಟ್ ನೌಕರಿ. ಆದರೆ ಖಾಸಗಿ ಮೇಲಧಿಕಾರಿಯ ಹುಕುಂ ಕೋರ್ಟಿನಲ್ಲಿ ರಕ್ಷಣೆ ಕೊಡುವುದಿಲ್ಲ. ಹಾಗಾಗಿ ನಾನು ಅವರಿಗೆ ಹೇಳುವುದು ಒಂದೇ: ಅಂಥಾ ಹುಕುಂ ಬಂದರೆ ವಾಟ್ಸಾಪಿನಲ್ಲಿ ಹಾಕಿ ಸಾರ್ ಅನ್ನಿ. ಹಾಕುವುದಿಲ್ಲ.

ಆಫೀಸರ್ ನಕ್ಕು ಆಡಿದ ಮಾತನ್ನೂ ಮರೆಯಬಾರದು. 79ನೇ ಕಲಮಿನಲ್ಲಿ ಅದಕ್ಕೇ ಮೂರು ವರ್ಷದವರೆಗೆ ಶಿಕ್ಷೆ ಇದೆ. ಅದರ ಜೊತೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯೂ ಬರುತ್ತದೆ. ಮೂರು ತಿಂಗಳೊಳಗೆ ಫ್ಯಾಕ್ಟರಿಯ ಆಂತರಿಕ ಸಮಿತಿಗೆ ದೂರು ಕೊಡಬಹುದು. ಆಫೀಸರ್ ಏಜೆನ್ಸಿಯವರು, ನಮ್ಮ ನೌಕರರಲ್ಲ ಅಂತ ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ, ಕೆಲಸದ ಜಾಗ ಅದರದ್ದೇ.

ಇದೆಲ್ಲ ಅತಿರೇಕದ ಕಲ್ಪನೆ ಅನ್ನುವವರು 2014ರ ಡಿಸೆಂಬರ್ ನೆನಪಿಸಿಕೊಳ್ಳಲಿ. ಕೊಚ್ಚಿಯ ವಿಶೇಷ ಆರ್ಥಿಕ ವಲಯದ ಒಂದು ಘಟಕದಲ್ಲಿ ಬಳಸಿದ ಸ್ಯಾನಿಟರಿ ಪ್ಯಾಡ್ ಸಿಕ್ಕಿತು ಅಂತ, ಯಾರದ್ದು ಅಂತ ಪತ್ತೆ ಮಾಡಲು ಹೆಂಗಸರ ಬಟ್ಟೆ ಬಿಚ್ಚಿಸಿದ ಆರೋಪ ಬಂತು. ಜನ ಸಿಟ್ಟಿನಿಂದ ಆ ಕಂಪನಿಗೆ ಪ್ಯಾಡ್‌ಗಳನ್ನೇ ಅಂಚೆಯಲ್ಲಿ ಕಳಿಸಿದರು.

ಸಂಬಳದಲ್ಲಿ ಹಂಚಿ ಹಿಡಿಯುವ ವಿಚಾರ ಬೇಗ ಮುಗಿಯುತ್ತದೆ. ನಿಮ್ಮ ವಶಕ್ಕೇ ಅಂತ ಕೊಟ್ಟ ವಸ್ತು ನಿಮ್ಮ ಅಲಕ್ಷ್ಯದಿಂದಲೇ ಹೋಗಿದ್ದರೆ ಮಾತ್ರ, ಅದೂ ನಿಮ್ಮ ವಿವರಣೆ ಕೇಳಿದ ಮೇಲೆ, ಹಿಡಿಯಬಹುದು. ಇಪ್ಪತ್ತೊಂದು ಜನರ ತಲೆಗೆ ಇಷ್ಟಿಷ್ಟು ಅಂತ ಕಟ್ಟುವುದಕ್ಕೆ ಅವಕಾಶ ಇಲ್ಲ.

ಖಾಸಗಿತನದ ಹಕ್ಕಿನ ಮಾತೂ ಒಮ್ಮೊಮ್ಮೆ ಬರುತ್ತದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಅದು ಮೂಲಭೂತ ಹಕ್ಕು ಅಂದರು. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಆ ತೀರ್ಪು ಮುಖ್ಯವಾಗಿ ಸರ್ಕಾರದ ಕೈ ಕಟ್ಟುವಂಥದ್ದು. ಖಾಸಗಿ ಫ್ಯಾಕ್ಟರಿಯ ಗೇಟಿನಲ್ಲಿ 127, 76 ಕಲಂಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ.

ನಾಲ್ಕು ಗಂಟೆಯಿಂದ ಮತ್ತೆ ಶುರು ಮಾಡಿದರೆ

ಕ್ಲಾಸಿನಲ್ಲಿ ಗುಂಪು ಮಾಡಿ, ನೀವೇ ಆಫೀಸರ್ ಆಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಬರೆಸುತ್ತೇನೆ. ಮೆಟಲ್ ಡಿಟೆಕ್ಟರ್ ತರಿಸುತ್ತಿದ್ದೆವು ಅಂತ ಯಾರೋ ಒಬ್ಬರು ಬರೆಯುತ್ತಾರೆ. ಹತ್ತಿ ಬಟ್ಟೆ ಹುಡುಕಲು ಮೆಟಲ್ ಡಿಟೆಕ್ಟರ್!

ಅನುಭವ ಇರುವ ಗಾರ್ಡ್‌ಗಳು ಬೇರೆ ಕಡೆಯಿಂದ ಶುರು ಮಾಡುತ್ತಾರೆ. ಮೊದಲು ಫ್ಲೋರಿನಲ್ಲೇ ಇನ್ನೊಮ್ಮೆ ಎಣಿಸಿ, ಆಲ್ಟರ್‌ಗೆ, ಅಂದರೆ ತಿದ್ದಿ ಹೊಲಿಯಲು, ಹೋದ ಬಂಡಲ್ ಬಿಚ್ಚಿ ನೋಡಿ ಅನ್ನುತ್ತಾರೆ. ಒಬ್ಬರು ಒಮ್ಮೆ ನಾನು ಯೋಚಿಸಿಯೇ ಇರದ ಪ್ರಶ್ನೆ ಕೇಳಿದರು: "ಎಲ್ಲಾ ಗಾರ್ಡುಗಳೂ ಹೆಂಗಸ್ರ ಗೇಟಲ್ಲಿದ್ರೆ, ವೇಸ್ಟ್ ಬಟ್ಟೆ ಟೆಂಪೊ ಹೋಗೋ ಗೇಟಲ್ಲಿ ಯಾರಿದ್ರು ಮೇಡಂ?" ಆಮೇಲಿಂದ ಆ ಪ್ರಶ್ನೆಯನ್ನೂ ಪಾಠಕ್ಕೆ ಸೇರಿಸಿಕೊಂಡಿದ್ದೇನೆ.

ಗೇಟಿನಲ್ಲಿ ಮಾಡಬೇಕಾದ್ದು ಇಷ್ಟು. ಎಲ್ಲರಿಗೂ ಒಂದೇ ಥರ ಚೆಕಿಂಗ್, ಬ್ಯಾಗು ಅವರವರೇ ತೆರೆದು ತೋರಿಸಬೇಕು. ಮೈ ಮುಟ್ಟುವುದಿದ್ದರೆ ಹೆಂಗಸರನ್ನು ಹೆಂಗಸೇ, ಪರದೆಯ ಮರೆಯಲ್ಲಿ, ಬಟ್ಟೆಯ ಮೇಲಿಂದ, ಕೇಳಿ ಒಪ್ಪಿದ ಮೇಲೆ. ಬೇಡ ಅಂದರೆ ರಿಜಿಸ್ಟರ್ ತೆಗೆದು ಹೆಸರು, ಟೋಕನ್ ನಂಬರ್, ಸಮಯ, ಏನು ತೋರಿಸಿದರು, ಯಾವುದಕ್ಕೆ ಒಪ್ಪಲಿಲ್ಲ, ಅವರು ಹೇಳಿದ ಕಾರಣ, ಪಕ್ಕದಲ್ಲಿ ಯಾರಿದ್ದರು ಅಂತ ಬರೆಯಬೇಕು. ಅವರ ಸಹಿ ಕೇಳಬೇಕು. ಹಾಕದಿದ್ದರೆ ಹಾಕಲಿಲ್ಲ ಅಂತಲೂ ಬರೆಯಬೇಕು. ಎಚ್‌ಆರ್‌ಗೆ ತಿಳಿಸಿ, ಗೇಟ್ ಬಿಡಬೇಕು. ಕಳ್ಳತನ ಆಗಿದೆ ಅಂತ ಕಂಪನಿಗೆ ಗಟ್ಟಿ ಅನುಮಾನ ಇದ್ದರೆ ಸ್ಟೇಷನ್ನಿಗೆ ದೂರು ಕೊಡಲಿ. "ಅಷ್ಟರಲ್ಲಿ ಮಾಲು ಮನೆ ಸೇರುತ್ತೆ" ಅನ್ನುತ್ತಾರೆ. ಸೇರಬಹುದು. ಕಾನೂನು ಆ ನಷ್ಟದ ಸಾಧ್ಯತೆಯನ್ನು ಕಂಪನಿಯ ಮೇಲೆ ಹಾಕಿದೆ. 2,700 ರೂಪಾಯಿಯ ಸಾಧ್ಯತೆ ಅದು.

ಇನ್ನು ಆ ಹೆಂಗಸು. ಕ್ಲಾಸಿನಲ್ಲಿ ಗಾರ್ಡ್‌ಗಳಿಗೇ ಅವಳ ವಕೀಲರಾಗಿ ಅನ್ನುತ್ತೇನೆ, ಆಗ ಚೆನ್ನಾಗಿ ಹೇಳುತ್ತಾರೆ. ಯಾವ ಸ್ಟೇಷನ್ನಿನಲ್ಲಿ ಬೇಕಾದರೂ ದೂರು ಕೊಡಬಹುದು, ವ್ಯಾಪ್ತಿ ನಮ್ಮದಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಬರೆದುಕೊಟ್ಟ ಹಾಳೆ ಬಲವಂತದ್ದು ಅಂತ ಮಾರನೇ ದಿನವೇ ಕಂಪನಿಗೆ ಲಿಖಿತವಾಗಿ ತಿಳಿಸಬೇಕು, ತಡವಾದಷ್ಟೂ ಅದು ನಿಜವೇ ಅನ್ನಿಸುತ್ತದೆ. ಆರೋಪಪಟ್ಟಿ, ವಿಚಾರಣೆ ಯಾವುದೂ ಇಲ್ಲದೆ ತೆಗೆದದ್ದಕ್ಕೆ ಕಾರ್ಮಿಕ ಇಲಾಖೆಗೆ ಬೇರೆ ಅರ್ಜಿ. ಏಜೆನ್ಸಿಯ ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕೂ ಒಂದು ಪ್ರತಿ. ಲೈಸೆನ್ಸ್ ರದ್ದು ಮಾಡುವ ಅಧಿಕಾರ ಅದಕ್ಕಿದೆ, ಏಜೆನ್ಸಿಗಳು ನಿಜವಾಗಿ ಹೆದರುವುದು ಅದಕ್ಕೇ. ಎಲ್ಲಕ್ಕಿಂತ ಮೊದಲು, ಗೇಟಿನ ಮತ್ತು ಕ್ಯಾಬಿನ್ ಬಾಗಿಲಿನ ಕ್ಯಾಮೆರಾ ರೆಕಾರ್ಡಿಂಗ್ ಅಳಿಸದೆ ಇಡಿ ಅಂತ ದಿನಾಂಕ, ಸಮಯ ಹಾಕಿ ಪತ್ರ ಕೊಟ್ಟು ಸ್ವೀಕೃತಿ ಸಹಿ ತೆಗೆದುಕೊಳ್ಳಬೇಕು. ಕ್ಯಾಮೆರಾದ ದೃಶ್ಯ ಶೇಖರಿಸುವ ಡಿವಿಆರ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಅವಳು ಒಳಗೆ ಹೋದದ್ದು, ಹೊರಗೆ ಬಂದದ್ದು ಎಷ್ಟು ಹೊತ್ತಿಗೆ ಅನ್ನುವುದನ್ನು ಬೇರೆ ಯಾವ ಸಾಕ್ಷಿಯೂ ಅಷ್ಟು ನೇರವಾಗಿ ಹೇಳುವುದಿಲ್ಲ.